ಎಂಟು ಹಲ್ಲಿನ ಕಂಪ್ಯೂಟರು

ಮೂಡಲಗಿಯ ರವಿವಾರದ ದನದ ಪೇಟೆಯಲ್ಲಿ ಎತ್ತು ಕೊಳ್ಳುವವರಿಗಿಂತ ಎತ್ತಿನ ಬಗ್ಗೆ ಅಭಿಪ್ರಾಯ ಕೊಡುವವರು ಜಾಸ್ತಿ. ಒಬ್ಬ ತುಟಿ ಎತ್ತಿ ಹಲ್ಲು ಎಣಿಸುತ್ತಾನೆ. ಇನ್ನೊಬ್ಬ ಬೆನ್ನಿನ ಮೇಲೆ ಕೈಯಾಡಿಸಿ ಸುಳಿ ಹುಡುಕುತ್ತಾನೆ. ಮೂರನೆಯವ, ಯಾರೂ ಕೇಳದಿದ್ದರೂ, ನಾಲ್ಕು ಹೆಜ್ಜೆ ನಡೆಸಿ ನೋಡಿ ‘ಹಿಂದಿನ ಬಲಗಾಲ ಎಳೀತೈತಿ’ ಎಂದು ತೀರ್ಪು ಒಗೆದು ಚಹಾ ಕುಡಿಯಲು ಹೋಗುತ್ತಾನೆ. ಇಷ್ಟೆಲ್ಲ ಬಹಿರಂಗವಾಗಿ ನಡೆದ ಮೇಲೆ ದರ ಮಾತ್ರ ಟವೆಲ್ಲಿನ ಕೆಳಗೆ, ಬೆರಳು ಹಿಡಿದು. ಎತ್ತಿನ ಗುಣದೋಷ ಊರಿಗೆಲ್ಲ ಗೊತ್ತು, ರೊಕ್ಕ ಎಷ್ಟು ಅನ್ನುವುದು ಇಬ್ಬರಿಗೇ ಗೊತ್ತು. ಕಂಪ್ಯೂಟರ್ ಪೇಟೆ ಇದಕ್ಕೆ ತಿರುವುಮುರುವು. ದರ ಮೊಬೈಲಿನಲ್ಲಿ ಸಣ್ಣ ಕೂಸಿಗೂ ಕಾಣುತ್ತದೆ. ಡಬ್ಬಿಯೊಳಗೆ ಏನಿದೆ ಅನ್ನುವುದೇ ಟವೆಲ್ಲಿನ ಕೆಳಗಿನ ವ್ಯವಹಾರ.

2025ರ ಬೇಸಿಗೆಯಲ್ಲಿ ನನ್ನ ಮಗಳು ಪಿಯುಸಿ ಪಾಸಾಗಿ ಬೆಳಗಾವಿಯಲ್ಲಿ ಬಿಸಿಎ ಓದುವುದೆಂದು ಗೊತ್ತಾದಾಗ, ಮನೆಗೊಂದು ಕಂಪ್ಯೂಟರು ಬರಬೇಕೆಂದು ಠರಾವಾಯಿತು. ಅಲ್ಲಿಯವರೆಗೆ ಭಿನ್ನಾಭಿಪ್ರಾಯ ಇರಲಿಲ್ಲ. ಲ್ಯಾಪ್‌ಟಾಪೋ ಡೆಸ್ಕ್‌ಟಾಪೋ ಎಂಬ ಪ್ರಶ್ನೆ ಎದ್ದದ್ದೇ ತಡ, ಪಡಸಾಲೆಯಲ್ಲಿ ರವಿವಾರದ ಪೇಟೆ ನೆರೆಯಿತು.

ಪೇಟೆಯ ಹಿರಿಯ ನಮ್ಮ ಕಾಕಾ. ಅಪ್ಪನ ತಮ್ಮ. ಎತ್ತಿನ ವಿಷಯದಲ್ಲಿ ಅವನ ಮಾತಿಗೆ ಸುತ್ತಲಿನ ಕಲ್ಲೋಳಿ, ನಾಗನೂರ, ಹಳ್ಳೂರದವರೆಗೂ ಬೆಲೆಯಿದೆ. ಕಿಲಾರಿ ಹೋರಿಯನ್ನು ದೂರದಿಂದ ನೋಡಿಯೇ ಅದರ ಸ್ವಭಾವ ಹೇಳುತ್ತಾನೆ. ಅದರ ಧಣಿಯ ಸ್ವಭಾವವನ್ನೂ ಹೇಳುತ್ತಾನೆ, ಅದು ಬೇರೆ ಮಾತು. ಕಂಪ್ಯೂಟರಿನ ಬಗ್ಗೆ ಅವನ ತಿಳಿವಳಿಕೆಯೆಲ್ಲ ಗೋಕಾಕದ ತಹಶೀಲ್ದಾರ ಕಚೇರಿಯಿಂದ ಬಂದದ್ದು. ಮೂಡಲಗಿ ಆಗಿನ್ನೂ ಗೋಕಾಕ ತಾಲ್ಲೂಕಿನಲ್ಲೇ ಇತ್ತು. 2000ದ ಸುಮಾರಿಗೆ ‘ಭೂಮಿ’ ಯೋಜನೆ ಬಂದು, ತಲಾಠಿಯ ಕೈಬರಹದ ಉತಾರ, ಅಂದರೆ ಪಹಣಿ, ಹೋಗಿ, ಕಿಟಕಿಯಲ್ಲಿ 15 ರೂಪಾಯಿ ಇಟ್ಟರೆ ಅಚ್ಚಾದ ಉತಾರ ಹೊರಗೆ ಬರತೊಡಗಿತು. ಕಿಟಕಿಯ ಆಚೆ ಒಂದು ದೊಡ್ಡ ಪೆಟ್ಟಿಗೆ, ಅದರ ಮುಂದೆ ಮುಖ ಗಂಟುಹಾಕಿಕೊಂಡ ಒಬ್ಬ ನೌಕರ. ಕಾಕಾನ ಮನಸ್ಸಿನಲ್ಲಿ ಕಂಪ್ಯೂಟರಿನ ಗಾಂಭೀರ್ಯ ಅಂದರೆ ಅದು. ಹೀಗಾಗಿ ಲ್ಯಾಪ್‌ಟಾಪ್ ಎಂಬ ಮಾತು ಬಂದ ಕೂಡಲೆ ಅವನು ಕೇಳಿದ:

“ಉತಾರ ಕೊಡೂ ಮಷೀನ ಬಗಲಾಗ ಇಟ್ಕೊಂಡ ಅಡ್ಡಾಡ್ತಾರೇನೋ ತಮ್ಮಾ? ಅದರ ಮ್ಯಾಲ ಯಾರ ವಿಶ್ವಾಸ ಇಡಬೇಕ?”

ನಾನೂ ಡೆಸ್ಕ್‌ಟಾಪಿನ ಪಕ್ಷದವನೇ, ಆದರೆ ಕಾರಣ ಬೇರೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಮಾಸ್ತರನಾದ್ದರಿಂದ ವರದಿ, ಆಮಂತ್ರಣ, ವಾರ್ಷಿಕ ಸಂಚಿಕೆ, ಬೀಳ್ಕೊಡುವ ಸಮಾರಂಭದ ಮಾನಪತ್ರ ಎಲ್ಲ ನನ್ನ ಕೊರಳಿಗೇ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯಲ್ಲಿ ‘ನುಡಿ’ ತಂತ್ರಾಂಶ ಹಾಕಿಕೊಂಡು ಹೊಡೆಯುವವನಿಗೆ ಕೈಗೆ ದೊಡ್ಡ ಕೀಲಿ ಬೇಕು, ಕಣ್ಣಿನ ಮಟ್ಟಕ್ಕೆ ಪರದೆ ಬೇಕು. ಲ್ಯಾಪ್‌ಟಾಪಿನಲ್ಲಿ ಪರದೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿದರೆ ಕೀಲಿ ಗದ್ದಕ್ಕೆ ಬರುತ್ತದೆ, ಕೀಲಿಯನ್ನು ಕೈಯ ಮಟ್ಟಕ್ಕೆ ಇಳಿಸಿದರೆ ಕುತ್ತಿಗೆ ಎದೆಗೆ ಬೀಳುತ್ತದೆ. ಎರಡನ್ನೂ ಒಂದೇ ಬಿಜಾಗರಿಗೆ ಜೋಡಿಸಿದವನು ಮನುಷ್ಯನ ಕುತ್ತಿಗೆಯನ್ನು ವಿಚಾರಿಸಿದಂತೆ ಕಾಣುವುದಿಲ್ಲ. ಮೇಲಾಗಿ ಡೆಸ್ಕ್‌ಟಾಪಿನಲ್ಲಿ ಒಂದು ಅಂಗ ಕೆಟ್ಟರೆ ಆ ಒಂದನ್ನೇ ಬದಲಿಸಬಹುದು. ಈಗಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನೂ ಬೋರ್ಡಿಗೆ ಬೆಸುಗೆ ಹಾಕಿಬಿಟ್ಟಿರುತ್ತಾರೆ. ಹುಟ್ಟುವಾಗ ಎಷ್ಟೋ ಸಾಯುವಾಗಲೂ ಅಷ್ಟೇ.

ಸೊಸೈಟಿಯಲ್ಲಿ ಲೆಕ್ಕ ಬರೆಯುವ ಗೆಳೆಯನೊಬ್ಬ ನನ್ನ ಬೆಂಬಲಕ್ಕೆ ಬಂದ. ಅವನ ವಾದ ಒಂದೇ: ಬಲಗಡೆಯ ಅಂಕಿಗಳ ಪಟ್ಟಿ. ಇಪ್ಪತ್ತು ವರ್ಷದಿಂದ ಪಿಗ್ಮಿ, ಬಡ್ಡಿ, ಶೇರು ಎಲ್ಲವನ್ನೂ ಅವನು ಪರದೆ ನೋಡದೆ, ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡು, ಬಲಗೈಯ ಮೂರು ಬೆರಳಿನಲ್ಲಿ ಹೊಡೆದವನು. ಸಣ್ಣ ಲ್ಯಾಪ್‌ಟಾಪುಗಳಲ್ಲಿ ಆ ಪಟ್ಟಿ ಇರುವುದಿಲ್ಲ. “ಅಂಕಿ ಮ್ಯಾಲಿನ ಸಾಲಿನ್ಯಾಗ ಹುಡುಕ್ಕೋತ ಕುಂತರ ಠೇವಣಿದಾರರು ಎದ್ದ ಹೋಗ್ತಾರ” ಅಂದ. ಇಷ್ಟು ಗಟ್ಟಿಯಾದ ತಾಂತ್ರಿಕ ಅಭಿಪ್ರಾಯ ಆಮೇಲೆ ಅಂಗಡಿಯಲ್ಲೂ ನನಗೆ ಸಿಗಲಿಲ್ಲ.

ಡೆಸ್ಕ್‌ಟಾಪಿನ ಪಕ್ಷಕ್ಕೆ ಬಹುಮತ ಬಂತು ಅನ್ನುವಷ್ಟರಲ್ಲಿ ನಮ್ಮಾಕಿ ಅಡಿಗೆಮನೆಯಿಂದಲೇ ಕೇಳಿದಳು: “ಇಡೂದ ಎಲ್ಲೆ?”

ನಮ್ಮ ಮನೆಯಲ್ಲಿ ಮೇಜಿಲ್ಲ. ಹಾಗಂತ ನಾವು ಬಡವರೂ ಅಲ್ಲ. ನಮ್ಮ ಕಡೆಯ ಹಳೇ ಮನೆಗಳಲ್ಲಿ ಮೇಜಿಗೆ ಜಾಗವೇ ಇಲ್ಲ. ಪಡಸಾಲೆ ಇದೆ, ದೇವರಮನೆ ಇದೆ, ಅಡಿಗೆಮನೆ ಇದೆ, ಒಂದು ಕಡೆ ದನ ಕಟ್ಟುವ ಅಂಕಣವಿದೆ. ಉಣ್ಣುವುದು ನೆಲದ ಮೇಲೆ, ಬರೆಯುವುದು ಮಂಚದ ಮೇಲೆ, ಓದುವುದು ಕಟ್ಟೆಯ ಮೇಲೆ, ಜಗಳ ಹೊಸ್ತಿಲ ಮೇಲೆ. ನಾನು ಇಷ್ಟು ವರ್ಷ ಉತ್ತರಪತ್ರಿಕೆ ತಿದ್ದಿದ್ದು ತೊಡೆಯ ಮೇಲೆ ರಟ್ಟಿನ ಪ್ಯಾಡು ಇಟ್ಟುಕೊಂಡೇ. ಅಪ್ಪ ಒಮ್ಮೆ ಸಾಗವಾನಿಯ ಮೇಜೊಂದನ್ನು ಮಾಡಿಸಿದ್ದರಂತೆ. ಅದರ ಮೇಲೆ ಮೊದಲು ರೇಡಿಯೊ ಬಂತು, ಆಮೇಲೆ ಟಿವಿ ಬಂತು, ಈಗ ಅದು ಎರಡು ಗೋವಿನಜೋಳದ ಚೀಲ ಹೊತ್ತು ಹಿಂದಿನ ಖೋಲಿಯಲ್ಲಿ ನಿಂತಿದೆ. ಅದನ್ನು ಚೀಲದಿಂದ ಬಿಡಿಸಬೇಕೆಂದರೆ ಚೀಲಕ್ಕೆ ಬೇರೆ ಜಾಗ ಬೇಕು, ಚೀಲದ ಜಾಗದಲ್ಲಿ ಇರುವ ಹೊಲಿಗೆ ಯಂತ್ರಕ್ಕೆ ಮತ್ತೊಂದು ಜಾಗ ಬೇಕು.

ಆದರೂ ಪಡಸಾಲೆಯ ಮೂಡಣ ಮೂಲೆ ಗೊತ್ತುಮಾಡಿದೆವು. ಅವ್ವ ಬಂದು ನಿಂತು, ಅಲ್ಲಿ ಕುಂತರೆ ದೇವರಮನೆಗೆ ಬೆನ್ನು ಬರುತ್ತದೆ ಅಂದಳು. ಪಡುವಣ ಮೂಲೆಗೆ ಹೋದರೆ ಕಿಟಕಿಯ ಬಿಸಿಲು ನೆಟ್ಟಗೆ ಪರದೆಗೆ. ಬಡಗಣ ಗೋಡೆಗೆ ಪ್ಲಗ್ಗಿಲ್ಲ. ಪ್ಲಗ್ಗು ಕೂಡ್ರಿಸಲು ಬಂದ ವೈರಮನ್ ಗೋಡೆ ನೋಡಿ, ಮೀಟರ್ ನೋಡಿ, “ಸರ್, ನಿಮ್ಮ ಮನಿಗೆ ಅರ್ಥಿಂಗ ಸರಿ ಇಲ್ಲ” ಅಂದ. ಕ್ಯಾಬಿನೆಟ್ಟು ಮುಟ್ಟಿದರೆ ಝುಂ ಅನ್ನಬಾರದೆಂದರೆ ಅಂಗಳದಲ್ಲಿ ಆಳವಾದ ತಗ್ಗು ತೋಡಿ, ಇದ್ದಿಲು ಉಪ್ಪು ತುಂಬಿ, ಪೈಪು ಇಳಿಸಬೇಕಂತೆ. ಅವನು ಕೈ ತೋರಿಸಿದ ಜಾಗ ಅವ್ವನ ತುಳಸಿಕಟ್ಟೆಯ ಮಗ್ಗಲಿಗೇ ಇತ್ತು.

“ಕಂಪ್ಯೂಟರ ತರ್ತೀವಿ ಅಂದ್ರಿ, ಬಾವಿ ತೋಡಾಕತ್ತೀರಿ” ಅಂದಳು ಅವ್ವ.

ಆಗ ನನಗೆ ಹೊಳೆದದ್ದಿಷ್ಟು. ಡೆಸ್ಕ್‌ಟಾಪ್ ಕೊಳ್ಳುವುದೆಂದರೆ ಯಂತ್ರ ಕೊಳ್ಳುವುದಲ್ಲ, ಮನೆ ಕಟ್ಟುವುದು. ಮೇಜು, ಕುರ್ಚಿ, ಪ್ಲಗ್ಗು, ತಗ್ಗು, ಯುಪಿಎಸ್, ಧೂಳು ಕೂಡದಂತೆ ನಮ್ಮಾಕಿ ಹೊಲಿಯುವ ಕಸೂತಿ ಹೊದಿಕೆ, ಹೊದಿಕೆಯ ಮೇಲೆ ಮಲಗುವ ಬೆಕ್ಕು. ಲ್ಯಾಪ್‌ಟಾಪಿಗೆ ಜಾಗ ಬೇಡ, ಆದರೆ ಅದಕ್ಕೊಬ್ಬ ಧಣಿ ಬೇಕು. ಅದು ‘ಮನೀದು’ ಆಗುವುದಿಲ್ಲ, ‘ಆಕೀದು’ ಆಗುತ್ತದೆ. ಹಲ್ಲುಪುಡಿಯಿಂದ ಹಿಡಿದು ಮೋಟಾರ್ ಸೈಕಲ್ಲಿನವರೆಗೆ ಎಲ್ಲವೂ ಎಲ್ಲರದಾಗಿರುವ ನಮ್ಮ ಮನೆಯಲ್ಲಿ ಒಬ್ಬರದೇ ಸಾಮಾನು ಅನ್ನುವುದು ಅಲ್ಲಿಯವರೆಗೆ ಅವ್ವನ ಕೋಲೊಂದೇ ಇತ್ತು, ಅದನ್ನೂ ಕಾಕಾ ಆಗಾಗ ಒಯ್ಯುತ್ತಿದ್ದ.

ಇನ್ನು ಕರೆಂಟಿನ ಮಾತು. ನಮ್ಮಾಕಿಯ ತವರು ಹುಕ್ಕೇರಿ ತಾಲ್ಲೂಕು. ಆ ತಾಲ್ಲೂಕಿನವರಿಗೆ ಕರೆಂಟಿನ ವಿಷಯದಲ್ಲಿ ಒಂದು ಗತ್ತು ಇದೆ, ಅದು ಸುಳ್ಳೂ ಅಲ್ಲ. 1969ರಲ್ಲಿ ಅವರು ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕಟ್ಟಿಕೊಂಡರು. ಕರೆಂಟನ್ನು ತಾವೇ ಹಂಚಿ ತಾವೇ ಬಿಲ್ಲು ಹಾಕಿಕೊಳ್ಳುವ ಇಂಥ ಸಂಘ ರಾಜ್ಯದಲ್ಲಿ ಇದೊಂದೇ. ಪಡಸಾಲೆಯಲ್ಲಿ ದೀಪ ಹೋದಾಗಲೆಲ್ಲ ಆಕೆ “ನಮ್ಮ ತವರಾಗ ಕರೆಂಟೂ ಸ್ವಂತದ್ದ” ಅನ್ನದೆ ಮೇಣಬತ್ತಿ ಹಚ್ಚುವುದಿಲ್ಲ. ನಾನು ಬಿಡುತ್ತೇನೆಯೇ? ನಮ್ಮ ಗೋಕಾಕ ಫಾಲ್ಸಿನಲ್ಲಿ 1887ರಲ್ಲೇ ನೀರಿನಿಂದ ಕರೆಂಟು ತೆಗೆದರೆಂದು ಹೇಳುತ್ತಾರೆ, ಅಂದರೆ ಶಿವನಸಮುದ್ರಕ್ಕಿಂತ ಹದಿನೈದು ವರ್ಷ ಮೊದಲು, ನಿಮ್ಮ ಸಂಘಕ್ಕಿಂತ ಎಂಬತ್ತೆರಡು ವರ್ಷ ಮೊದಲು ಅನ್ನುತ್ತೇನೆ. ಆಕೆ ಕತ್ತಲೆಯಲ್ಲೇ, “ಹೌದರಿ, ಅದು ಇನ್ನೂ ಇಲ್ಲಿ ಮುಟ್ಟಿಲ್ಲ” ಅನ್ನುತ್ತಾಳೆ.

ಕರೆಂಟು ಹೋದಾಗ ಲ್ಯಾಪ್‌ಟಾಪಿಗೆ ಗೊತ್ತೇ ಆಗುವುದಿಲ್ಲ, ಅದರ ಹೊಟ್ಟೆಯಲ್ಲೇ ಬ್ಯಾಟರಿ. ಡೆಸ್ಕ್‌ಟಾಪಿಗೆ ಯುಪಿಎಸ್ ಬೇಕು. ಸಾಮಾನ್ಯ ಯುಪಿಎಸ್ಸಿನೊಳಗೆ ಇರುವುದು ಮೋಟಾರ್ ಸೈಕಲ್ಲಿನ ಬ್ಯಾಟರಿಯಷ್ಟೇ ದೊಡ್ಡದು. ಹತ್ತು ಹದಿನೈದು ನಿಮಿಷ ಉಸಿರು ಹಿಡಿದು, ಆ ಅವಧಿಯುದ್ದಕ್ಕೂ ಕುಂಯ್ ಕುಂಯ್ ಎಂದು ಓಣಿಗೆಲ್ಲ ಸುದ್ದಿ ಮುಟ್ಟಿಸುತ್ತದೆ. ಒಂದೆರಡು ವರ್ಷವಾದ ಮೇಲೆ ಉಸಿರು ಹಿಡಿಯುವುದನ್ನು ಬಿಟ್ಟು ಸುದ್ದಿ ಮುಟ್ಟಿಸುವ ಕೆಲಸವನ್ನಷ್ಟೇ ಉಳಿಸಿಕೊಳ್ಳುತ್ತದೆ.

ನಮ್ಮಾಕಿ ಅಷ್ಟಕ್ಕೇ ನಿಲ್ಲಿಸಲಿಲ್ಲ. ಬಿಲ್ಲು ತಂದು ಮುಂದಿಟ್ಟಳು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ನಮ್ಮ ಮನೆಯ ಬಿಲ್ಲು ಸೊನ್ನೆ. ಎಲ್ಲರೂ 200 ಯುನಿಟ್ ಫುಕಟ್ ಅನ್ನುತ್ತಾರೆ, ಹಾಗಲ್ಲ. ಯೋಜನೆ ಬರುವ ಹಿಂದಿನ ವರ್ಷದ ಸರಾಸರಿ, ಅದರ ಮೇಲೆ ನೂರಕ್ಕೆ ಹತ್ತು, ಅಷ್ಟೇ ನಮ್ಮ ಪಾಲು. ಪರದೆ ಸಮೇತ 150 ವ್ಯಾಟ್ ತಿನ್ನುವ ಡೆಸ್ಕ್‌ಟಾಪನ್ನು ದಿನಕ್ಕೆ ಆರು ತಾಸು ಹಚ್ಚಿದರೆ ತಿಂಗಳಿಗೆ 27 ಯುನಿಟ್. 45 ವ್ಯಾಟಿನ ಲ್ಯಾಪ್‌ಟಾಪಾದರೆ ಎಂಟು ಯುನಿಟ್ಟು ಮತ್ತು ಚಿಲ್ಲರೆ. ಈ ಲೆಕ್ಕ ಮಾಡಿದ್ದು ಮಗಳು. ಕಂಪ್ಯೂಟರು ಇಲ್ಲದೆಯೇ ಇಷ್ಟು ಲೆಕ್ಕ ಬರುತ್ತಿದ್ದರೆ ಕಂಪ್ಯೂಟರು ಯಾಕೆ ಎಂದು ಅವ್ವ ಕೇಳಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ.

“ಮೇವಿನ ಲೆಕ್ಕ ಖರೇ ಐತಿ” ಅಂತ ಕಾಕಾ ಮೊದಲ ಸಲ ಮೆತ್ತಗಾದ. “ಆದರ ಕಡಿಮಿ ಮೇಯೂದು ಕಡಿಮೀನ ದುಡೀತೈತಿ. ಅದನ್ನೂ ಬರಕೊ.”

ಲ್ಯಾಪ್‌ಟಾಪಿನ ಪರವಾಗಿ ಹೊರಗಿನಿಂದ ಬಂದ ಸಾಕ್ಷಿ ಒಂದೇ, ಗೋಕಾಕದ ನಮ್ಮ ಭಾವ. 2019ರ ಆಗಸ್ಟಿನಲ್ಲಿ ಘಟಪ್ರಭೆ ಏರಿ ಲೋಳಸೂರ ಸೇತುವೆ ಮುಳುಗಿ ಊರೊಳಗೆ ನೀರು ನುಗ್ಗಿತ್ತಲ್ಲ, ಆಗ ಅವರು ಮನೆ ಬಿಟ್ಟು ಓಡಿದವರು. ಕ್ಯಾಬಿನೆಟ್ಟನ್ನು ಒಬ್ಬ, ಮಾನಿಟರನ್ನು ಒಬ್ಬ, ಯುಪಿಎಸ್ಸನ್ನು ಒಬ್ಬ ಹೊತ್ತರು. ಮೂವರೂ ಮೂರು ದಿಕ್ಕಿನ ಮೂರು ನೆಂಟರ ಮನೆ ಸೇರಿದರು. ನೀರು ಇಳಿದ ಮೇಲೆ ಕಂಪ್ಯೂಟರು ಒಂದುಗೂಡಲು ಗಣೇಶ ಚೌತಿ ದಾಟಿತು, ಮೌಸು ಇವತ್ತಿಗೂ ಬಂದಿಲ್ಲ. “ಮಸಗುಪ್ಪಿ, ಸುಣಧೋಳಿ ಕಡೆ ಹೊಳೀದಂಡಿ ಮಂದೀನ ಕೇಳ್ರಿ,” ಅಂದರು, “ಹೊತ್ಕೊಂಡು ಓಡಾಕ ಬರೂ ಸಾಮಾನs ಸಾಮಾನ.”

ಹೊತ್ತುಕೊಂಡು ಓಡುವ ಮಾತು ಬಂದದ್ದಕ್ಕೆ ಹೇಳುತ್ತೇನೆ. ಕಂಪ್ಯೂಟರನ್ನು ಮೊದಲು ಕೈಯಲ್ಲಿ ಹಿಡಿದು ನಡೆಯುವ ಸಾಮಾನಾಗಿ ಮಾರಿ ಹೆಸರು ಮಾಡಿದವನು ಆಡಂ ಆಸ್ಬರ್ನ್, ಅಮೆರಿಕದಲ್ಲಿ, 1981ರಲ್ಲಿ. ಅವನು ಬಾಲ್ಯ ಕಳೆದದ್ದು ತಿರುವಣ್ಣಾಮಲೈಯಲ್ಲಿ. ತಂದೆ ಆರ್ಥರ್ ಆಸ್ಬರ್ನ್ ರಮಣ ಮಹರ್ಷಿಗಳ ಭಕ್ತರು. ಆಡಂ 2003ರಲ್ಲಿ ತೀರಿಕೊಂಡದ್ದೂ ಕೊಡೈಕನಾಲಿನಲ್ಲೇ. ಸುಮ್ಮನೆ ಕೂತಲ್ಲೇ ಕೂತ ಮಹರ್ಷಿಗಳ ನೆರಳಿನಲ್ಲಿ ಬೆಳೆದ ಹುಡುಗ ಮುಂದೆ ಕೂತಲ್ಲಿ ಕೂಡದ ಯಂತ್ರ ಮಾಡಿದ. ಆ ಯಂತ್ರ 11 ಕಿಲೋ, ಪರದೆ ಐದೇ ಇಂಚು, ಹೊಟ್ಟೆಯಲ್ಲಿ ಬ್ಯಾಟರಿ ಇಲ್ಲ. ಎಲ್ಲಿಗೆ ಬೇಕಾದರೂ ಒಯ್ಯಬಹುದಿತ್ತು, ಅಲ್ಲಿ ಪ್ಲಗ್ಗಿದ್ದರೆ. ಇದನ್ನು ಕೇಳಿ ಕಾಕಾ ಬಹಳ ಹೊತ್ತು ನಕ್ಕ. “ಅಂವಾ ನಮ್ಮ ಕಡೆ ಹುಟ್ಟಬೇಕಾಗಿತ್ತ” ಅಂದ.

ಕೊನೆಗೆ ಗೋಕಾಕಕ್ಕೆ ಹೊರಟೆವು. ನಾನು, ಮಗಳು, ಹೆಗಲ ಮೇಲೆ ಟವೆಲ್ ಹಾಕಿಕೊಂಡ ಕಾಕಾ. ಅಂಗಡಿಯ ಹುಡುಗ ಚುರುಕು. ಯಾವ ಕೆಲಸಕ್ಕೆ ಬೇಕು, ಬಜೆಟ್ ಎಷ್ಟು ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊಳೆಯುವ ಲ್ಯಾಪ್‌ಟಾಪೊಂದನ್ನು ಮುಂದಿಟ್ಟ. ಕಾಕಾ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮುಚ್ಚಳ ಎತ್ತಿ ಇಳಿಸಿ, ಮೂಸಿ ನೋಡಿ ಕೇಳಿದ:

“ಇದರ ವಯಸ್ಸ ಹೆಂಗ ನೋಡೂದ?”

“ಹೊಸಾದ ಐತ್ರಿ ಅಜ್ಜಾರ.”

“ಪೇಟ್ಯಾಗ ಎಲ್ಲಾರೂ ಹಂಗs ಹೇಳ್ತಾರ. ಹಲ್ಲ ಎಲ್ಲಿರತಾವ ಅಷ್ಟ ಹೇಳ.”

ಹುಡುಗ ಯಾದವಾಡ ಕಡೆಯವನಂತೆ, ಮನೆಯಲ್ಲಿ ದನ ಕಟ್ಟಿದವನು. ನಗಲಿಲ್ಲ. ಸ್ಟಿಕರಿನ ಮೇಲೆ ಬೆರಳಿಟ್ಟ. ಇಂಟೆಲಿನ ಪ್ರೊಸೆಸರಿಗೆ ಐ5 ಅಂತ ಇರುತ್ತದಲ್ಲ, ಅದರ ಮುಂದಿನ ಅಂಕಿಯೇ ಹಲ್ಲು ಅಂದ. ನಾಲ್ಕರಿಂದ ಶುರುವಾದರೆ 2013ರ ತಳಿ, ಆರರಿಂದ ಶುರುವಾದರೆ 2015ರದು, ಎಂಟಾದರೆ 2017ರದು. ಕಾಕಾನ ಕಣ್ಣು ಅರಳಿತು. ಇಷ್ಟು ದಿನ ಕತ್ತಲೆಯಲ್ಲಿದ್ದ ವಿದ್ಯೆಗೆ ಒಮ್ಮೆಲೆ ದಾರಿ ಸಿಕ್ಕಿತ್ತು. ಎತ್ತಿಗೂ ಎರಡು, ನಾಲ್ಕು, ಆರು ಹಲ್ಲು ಬಂದು ಎಂಟಕ್ಕೆ ಬಾಯಿಗೂಡುತ್ತದೆ. ಅಲ್ಲಿಂದ ಮುಂದೆ ಎಣಿಕೆ ಇಲ್ಲ, ಸವೆತ.

“ಹಂಗಾರ ಇದಕ್ಕೆಷ್ಟ ಹಲ್ಲ?”

“ಹದಿಮೂರ್ರಿ.”

ಕಾಕಾ ಲ್ಯಾಪ್‌ಟಾಪನ್ನು ಮೆಲ್ಲಗೆ ಗಾಜಿನ ಮೇಲೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಹದಿಮೂರು ಹಲ್ಲಿನ ದನವನ್ನು ಅವನು ಮೂಡಲಗಿ ಪೇಟೆಯಲ್ಲಿ ಅಲ್ಲ, ಕನಸಿನಲ್ಲೂ ಕಂಡಿರಲಿಲ್ಲ. ಮೇಲಾಗಿ ಅಂಕಿಯ ಬಾಲಕ್ಕೆ ಇಂಗ್ಲಿಷಿನ ‘ಯು’ ಅಕ್ಷರ ಇದ್ದದ್ದು ಅವನ ಕಣ್ಣು ತಪ್ಪಲಿಲ್ಲ. ಅದೇನೆಂದು ಕೇಳಿದ. ನನಗೂ ಅದೇ ಬೇಕಿತ್ತು. ‘ಯು’ ಅಂದರೆ ಕಡಿಮೆ ಕರೆಂಟಿನಲ್ಲಿ ಓಡುವ ತಳಿ, 15 ವ್ಯಾಟಿನ ಲೆಕ್ಕದಲ್ಲಿ ಮಾಡಿದ್ದು. ಅದೇ ಐ5 ಹೆಸರಿನ ಡೆಸ್ಕ್‌ಟಾಪ್ ಪ್ರೊಸೆಸರು ಸಾಮಾನ್ಯವಾಗಿ 65 ವ್ಯಾಟಿನದು. ಹೆಸರು ಒಂದೇ, ತಾಕತ್ತು ಬೇರೆ. ಜಾಹೀರಾತಿನಲ್ಲಿ ಐ5 ದಪ್ಪಕ್ಷರದಲ್ಲಿ ಇರುತ್ತದೆ, ಬಾಲ ಸಣ್ಣಕ್ಷರದಲ್ಲಿ. ಕಂಪ್ಯೂಟರ್ ಕೊಳ್ಳುವವರು ಇದೊಂದನ್ನು ನೋಡಿದರೂ ಸಾಕು ಎಂದು ನನಗೆ ಈಗಲೂ ಅನ್ನಿಸುತ್ತದೆ, ಆದರೆ ನೋಡುವವರಾರು? ಎಲ್ಲರೂ ಬಣ್ಣ ನೋಡುತ್ತಾರೆ. ನನ್ನ ಮಗಳೂ ಬಣ್ಣವನ್ನೇ ನೋಡಿದಳು.

ಆಕೆಗೆ ಆ ಹದಿಮೂರು ಹಲ್ಲಿನದೇ ಆಯಿತು. ಹಾಸ್ಟೆಲ್ಲಿನಲ್ಲಿ ಒಂದು ಖೋಲಿಗೆ ಮೂವರು, ಅಲ್ಲಿ ಡೆಸ್ಕ್‌ಟಾಪಿನ ಮಾತು ಎತ್ತುವಂತಿರಲಿಲ್ಲ. ಭಾವನ ಪ್ರವಾಹ, ನಮ್ಮಾಕಿಯ ಬಿಲ್ಲು, ಅವ್ವನ ತುಳಸಿಕಟ್ಟೆ ಎಲ್ಲ ಒಂದು ಕಡೆಗೇ ಇದ್ದವು. ನಾನು ರೊಕ್ಕ ಎಣಿಸಿದೆ. ಚೀಲವನ್ನೂ ಮೌಸನ್ನೂ ಅಂಗಡಿಯವರು ಫ್ರೀ ಕೊಟ್ಟರು, ಅಂದರೆ ದರದಲ್ಲಿ ಮೊದಲೇ ಸೇರಿಸಿದ್ದರು.

ನಾನು ಬಿಲ್ಲು ಮಾಡಿಸುವ ಹೊತ್ತಿಗೆ ಕಾಕಾ ಅಂಗಡಿಯ ಹಿಂದಿನ ಖೋಲಿಗೆ ಹೋಗಿಬಿಟ್ಟಿದ್ದ. ಅಲ್ಲಿ ಬೆಂಗಳೂರಿನ ಕಂಪನಿಗಳಿಂದ ಬಂದ ಹಳೇ ಡೆಸ್ಕ್‌ಟಾಪುಗಳು ಗೋಡೆಗುಂಟ ಸಾಲಾಗಿ ನಿಂತಿದ್ದವು, ಕೊರಳಿಗೆಲ್ಲ ಕಪ್ಪು ವೈರು. ಕಾಕಾನಿಗೆ ಮನೆಗೆ ಬಂದಂತಾಯಿತು. ಹುಡುಗ ತಿಳಿಸಿ ಹೇಳಿದ: 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಆರೈಕೆ ನಿಲ್ಲುತ್ತದೆ, ವಿಂಡೋಸ್ 11 ಬೇಕೆಂದರೆ ಇಂಟೆಲಿನಲ್ಲಿ ಎಂಟನೇ ತಳಿಯಿಂದ ಮೇಲಿನದೇ ಇರಬೇಕು. ಅದಕ್ಕೇ ಎಂಟು ಹಲ್ಲಿಗಿಂತ ಕಡಿಮೆಯವನ್ನೆಲ್ಲ ಕಂಪನಿಗಳು ಹೊರಗೆ ಹಾಕುತ್ತಿವೆ, ಎಂಟು ಹಲ್ಲಿನವಕ್ಕೆ ಮಾತ್ರ ದರ.

ಕಾಕಾನಿಗೆ ಈ ಮಾತು ಅರ್ಥವೇ ಆಗಲಿಲ್ಲ. ಅಥವಾ ಅವನಿಗೇ ಅರ್ಥವಾಯಿತು, ನಮಗಾಗಲಿಲ್ಲ. ಎಂಟು ಹಲ್ಲೆಂದರೆ ಬಾಯಿಗೂಡಿದ ಎತ್ತು. ಆರು ಹಲ್ಲೆಂದರೆ ಏರು ಪ್ರಾಯ. ಏರು ಪ್ರಾಯದ್ದನ್ನು ಅಗ್ಗಕ್ಕೆ ಬಿಟ್ಟು ಬಾಯಿಗೂಡಿದ್ದಕ್ಕೆ ಹೆಚ್ಚು ಹಣ ಕೇಳುವ ಪೇಟೆಯನ್ನು ಅವನು ಜೀವಮಾನದಲ್ಲಿ ನೋಡಿರಲಿಲ್ಲ. ಹುಡುಗನಿಗೆ ತಲೆಕೆಟ್ಟಿದೆ, ಅವನು ಸುಧಾರಿಸಿಕೊಳ್ಳುವುದರೊಳಗೆ ವ್ಯವಹಾರ ಮುಗಿಸಬೇಕು ಎಂದು ನನ್ನ ಕಿವಿಯಲ್ಲಿ ಹೇಳಿದ. ಆರು ಹಲ್ಲಿನದೊಂದನ್ನು ಆರಿಸಿ, ಹಚ್ಚಿಸಿ, ಫ್ಯಾನಿನ ಸಪ್ಪಳ ಕೇಳಿ, “ಉಸರಾಟ ಚಲೋ ಐತಿ” ಅಂದ. ಕ್ಯಾಬಿನೆಟ್ಟಿನ ಬೆನ್ನು ಸವರಿ ಸುಳಿ ಇಲ್ಲವೆಂದು ಖಾತ್ರಿ ಮಾಡಿಕೊಂಡ. ಆಮೇಲೆ ಹೆಗಲ ಟವೆಲ್ ತೆಗೆದು ಹುಡುಗನ ಕೈ ಮೇಲೆ ಹಾಸಿ, ಒಳಗೆ ಕೈ ಹಾಕಿದ.

ಹುಡುಗ ಒಮ್ಮೆ ತಲೆ ಅಲ್ಲಾಡಿಸಿದ. ಕಾಕಾ ಬೆರಳು ಬದಲಿಸಿದ. ಗೋಡೆಯ ಮೇಲೆ ‘ನಿಗದಿತ ದರ’ ಎಂಬ ಬೋರ್ಡು ಇತ್ತು, ಅದು ಟವೆಲ್ಲಿನ ಕೆಳಗೆ ಕಾಣುವುದಿಲ್ಲ. ಎಷ್ಟಕ್ಕೆ ಮುಗಿಯಿತೆಂದು ಅವನು ಇವತ್ತಿಗೂ ಹೇಳಿಲ್ಲ, ಕೇಳುವುದು ಪೇಟೆಯ ರಿವಾಜೂ ಅಲ್ಲ. ಹುಡುಗ ಮಾತ್ರ ಮಾನಿಟರಿನ ಜೊತೆಗೆ ಕೀಲಿಮಣೆಯನ್ನೂ ಕೊಟ್ಟು, ಕಾಕಾನ ಕಾಲಿಗೆ ಬೀಳುವುದೊಂದನ್ನು ಬಿಟ್ಟ. ಬರುವಾಗ ಕರದಂಟು ಕೊಂಡೆವು. ಅದು ಗೋಕಾಕಕ್ಕೆ ಹೋದವರು ಕಟ್ಟುವ ತೆರಿಗೆ.

ಆರು ಹಲ್ಲಿನ ಡೆಸ್ಕ್‌ಟಾಪನ್ನು ಇಡುವುದು ಎಲ್ಲಿ ಎಂಬ ಹಳೇ ಪ್ರಶ್ನೆ ಮತ್ತೆ ಎದ್ದಿತೆನ್ನಿ. ಕಾಕಾನ ಬಳಿ ಉತ್ತರ ಸಿದ್ಧವಿತ್ತು: ತೋಟದ ಮನೆ. ಘಟಪ್ರಭೆಯ ಕಾಲುವೆ ನೀರು ಹರಿಯುವ ನಮ್ಮ ಕಡೆ ಅರ್ಧ ಊರು ಕಬ್ಬಿನ ನಡುವೆ ತೋಟದ ಮನೆಗಳಲ್ಲೇ ಇರುತ್ತದೆ. ಅಲ್ಲಿ ಪಂಪಸೆಟ್ಟಿನ ಲೈನು. ತ್ರೀ ಫೇಸು ಕೆಲವೇ ತಾಸು, ರಾತ್ರಿಗೆ ಸಿಂಗಲ್ ಫೇಸು. ಮೋಟಾರಿಗೆ ಸಾಲದ ಆ ಸಿಂಗಲ್ ಫೇಸು ಕಂಪ್ಯೂಟರಿಗೆ ಧಾರಾಳ. ಮಗಳು ಬೆಳಗಾವಿಗೆ ಹೋಗುವ ಮೊದಲು ಕಾಕಾ ಮುತ್ಯಾನಿಗೆ ಮೌಸು ಹಿಡಿಯಲು ಕಲಿಸಿ, ಪೆನ್‌ಡ್ರೈವಿನಲ್ಲಿ ಶ್ರೀಕೃಷ್ಣ ಪಾರಿಜಾತದ ಆಟಗಳನ್ನು ತುಂಬಿ ಕೊಟ್ಟಳು. ಪಾರಿಜಾತ ನಮ್ಮ ಮಣ್ಣಿನದು. ಅದಕ್ಕೆ ರೂಪ ಕೊಟ್ಟ ಕುಲಗೋಡ ತಮ್ಮಣ್ಣನ ಊರೂ ಅದನ್ನು ಮೆರೆಸಿದ ಕೌಜಲಗಿ ನಿಂಗಮ್ಮನ ಊರೂ ನಮ್ಮ ಸುತ್ತಿನವೇ. ಮುಸ್ಸಂಜೆ ಮುಂದೆ ಅಕ್ಕಪಕ್ಕದ ತೋಟದವರು ಗೊಂಗಡಿ ಹೊದ್ದು ಬಂದು ಮಾನಿಟರಿನ ಮುಂದೆ ಕೂಡುತ್ತಾರೆ. ಭಾಗವತ ಬರುತ್ತಾನೆ, ಗೊಲ್ಲತಿ ಬರುತ್ತಾಳೆ, ಮಧ್ಯರಾತ್ರಿಗೆ ಸತ್ಯಭಾಮೆಗೆ ಸಿಟ್ಟು ಬರುತ್ತದೆ. ಹದಿನೈದು ಇಂಚಿನ ಲ್ಯಾಪ್‌ಟಾಪಿನ ಮುಂದೆ ಹತ್ತು ಮಂದಿ ಗೊಂಗಡಿ ಸಮೇತ ಕೂತು ನೋಡಲಿ, ಅದರ ಮೇಲೆ ಆ ಪಕ್ಷದವರ ಜೊತೆ ಚರ್ಚೆ ಮುಂದುವರಿಸೋಣ.

ಹಬ್ಬಕ್ಕೆ ಕಾಕಾ ಊರ ಮನೆಗೆ ಬರುವಾಗ ಕಂಪ್ಯೂಟರೂ ಬರುತ್ತದೆ. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಕಬ್ಬಿನ ರವದಿ ಹಾಸಿ, ಮೇಲೆ ಗಾದಿ ಹಾಕಿ, ಮಾನಿಟರನ್ನು ಮಲಗಿಸಿ, ಕ್ಯಾಬಿನೆಟ್ಟಿಗೆ ಹಗ್ಗ ಬಿಗಿದು ತರುತ್ತಾನೆ. ಕಬ್ಬು ಕಡಿಯುವ ಹಂಗಾಮಿನಲ್ಲಿ ಇನ್ನೊಂದು ತೋಟಕ್ಕೂ ಅದರ ಸವಾರಿ. ಮೂಡಲಗಿ ತಾಲ್ಲೂಕಿನಲ್ಲಿ ಇಷ್ಟು ತಿರುಗಿದ ಕಂಪ್ಯೂಟರು ಇನ್ನೊಂದಿಲ್ಲ.

ಬೆಳಗಾವಿಯ ಲ್ಯಾಪ್‌ಟಾಪಿನ ಸಂಗತಿ ಬೇರೆ. ಮಗಳನ್ನು ನೋಡಲು ಹೋದಾಗ ಕಂಡೆ. ಸಣ್ಣ ಅಕ್ಷರ ಕಣ್ಣಿಗೆ ನೋವೆಂದು ದೊಡ್ಡ ಮಾನಿಟರ್ ಹಚ್ಚಿದ್ದಾಳೆ. ಕುತ್ತಿಗೆ ನೋವೆಂದು ಬೇರೆ ಕೀಲಿಮಣೆ. ಬಿಸಿಯಾಗುತ್ತದೆಂದು ಕೆಳಗೆ ಫ್ಯಾನಿನ ಮಣೆ. ಚಾರ್ಜರು ಸದಾ ಚುಚ್ಚಿಯೇ ಇರುತ್ತದೆ. ಕಳುವಾಗದಿರಲೆಂದು ಒಂದು ಸರಪಳಿಯಿಂದ ಮಂಚದ ಕಾಲಿಗೆ ಕಟ್ಟಿದ್ದಾಳೆ. ಕ್ಲಾಸಿಗೆ ಒಯ್ಯುವುದಿಲ್ಲವೇ ಎಂದರೆ, “ಅಪ್ಪಾ, ಇಷ್ಟೆಲ್ಲಾ ಬಿಚ್ಚೋರ ಯಾರು? ಅಲ್ಲಿ ಮೊಬೈಲ್ ಸಾಕು” ಅಂದಳು.

ಮೊನ್ನೆ ನಮ್ಮಾಕಿಯ ಅಣ್ಣ ಹುಕ್ಕೇರಿಯಿಂದ ಬಂದಿದ್ದರು. ಮಗನಿಗೆ ಕಂಪ್ಯೂಟರು ಕೊಡಿಸಬೇಕಂತೆ, ಯಾವುದು ತಗೊಂಡರೆ ಚಲೋ ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಕಾಕಾ ನಡುವೆ ಬಂದ.

“ಬೀಗರ, ನಿಮ್ಮಲ್ಲೆ ಟ್ರೇಲರ ಐತೇನ್ರಿ?”

“ಇಲ್ಲರಿ. ಒಂದ ಮೋಟಾರ್ ಸೈಕಲ್ ಐತಿ.”

“ಹಂಗಾರ ಅಡ್ಡಾಡಸಾಕ ಆಗೂದಿಲ್ಲ. ಲ್ಯಾಪ್‌ಟಾಪ್ ತಗೊಂಡ ಒಂದ ಕಡೆ ಕಟ್ಟಿ ಹಾಕ್ರಿ. ಗೋಕಾಕಕ್ಕ ನಾನs ಬರ್ತೀನಿ, ನಿಮಗ ಹಲ್ಲ ನೋಡಾಕ ತಿಳಿಯೂದಿಲ್ಲ” ಅಂದವನೇ ಒಳಗೆ ಕೂಗಿ ಹೇಳಿದ, “ಯವ್ವಾ, ನನ್ನ ಟವೆಲ್ ಒಗದ ಹಾಕಿರಿ.”